ನಿರ್ಜೀವಿಗಳ ತಟ್ಟೆಯಿಂದ ಎದ್ದು ಹೋದದ್ದು

ನಮ್ಮ ಮನೆಯಲ್ಲಿ ಉಪ್ಪು ಎರಡು ಕಡೆ ಇರುತ್ತದೆ. ಒಂದು, ಎಲ್ಲರ ಮನೆಯಲ್ಲಿರುವ ಹಾಗೆ, ಒಲೆಯ ಪಕ್ಕದ ಭರಣಿಯಲ್ಲಿ. ಇನ್ನೊಂದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಯಾವುದೋ ಕಾಲದಲ್ಲಿ ಬಿಸ್ಕತ್ತು ತುಂಬಿಕೊಂಡು ಬಂದಿದ್ದ ತಗಡಿನ ಡಬ್ಬದಲ್ಲಿ. ಜೆ.ಪಿ. ನಗರಕ್ಕೆ ನಮ್ಮನ್ನು ನೋಡಲು ಬಂದವರು ತಾರಸಿಯ ಗಿಡಗಳನ್ನೂ ನೋಡಿಯೇ ಹೋಗಬೇಕು, ಅದು ನನ್ನ ಅತ್ತೆಯ ಕಾನೂನು. ಹಾಗೆ ಮೇಲೆ ಹೋದವರು ಡಬ್ಬದ ಮುಚ್ಚಳ ತೆಗೆದು, "ಇದೇನ್ರೀ, ಗೊಬ್ಬರಾನಾ?" ಎಂದು ಕೇಳುತ್ತಾರೆ. ಗೊಬ್ಬರವಲ್ಲ, ಮದ್ದುಗುಂಡು.

ನಮ್ಮತ್ತೆಗೆ ಎಂಬತ್ತು ದಾಟಿದೆ. ಇರುವೆಗೆ ಆಹಾರವಾಗಲಿ ಎಂದು ಇವತ್ತಿಗೂ ಅಕ್ಕಿಹಿಟ್ಟಿನಲ್ಲೇ ರಂಗೋಲಿ ಹಾಕುವವರು. ಜಿರಲೆಯನ್ನು ಕೂಡ ಹೊಡೆಯುವುದಿಲ್ಲ; ಪೊರಕೆಯಲ್ಲಿ ದಾರಿ ತೋರಿಸುತ್ತಾ, ನೆಂಟರನ್ನು ಬೀಳ್ಕೊಡುವ ಹಾಗೆ ಗೇಟಿನ ತನಕ ಕಳಿಸಿಬರುತ್ತಾರೆ. ಇಂಥ ಕರುಣಾಮಯಿ ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಮಾತ್ರ ಬೇರೆಯೇ ಹೆಂಗಸು. ಸೆರಗು ಸಿಕ್ಕಿಸಿ, ಡಬ್ಬ ಕಂಕುಳಲ್ಲಿಟ್ಟು, ಕುಂಡಗಳ ಸಂದಿಯಲ್ಲಿ ಬಸವನಹುಳುಗಳನ್ನು ಹುಡುಕಿ ಹುಡುಕಿ ಉಪ್ಪು ಸುರಿಯುತ್ತಾರೆ. ಅವು ಸಾಧಾರಣ ಬಸವನಹುಳುಗಳಲ್ಲ, ಅಂಗೈ ತುಂಬುವಷ್ಟು ದೊಡ್ಡವು. ಆಫ್ರಿಕಾದ ಮೂಲದವು, ಎಂದೋ ನಮ್ಮ ದೇಶಕ್ಕೆ ಬಂದು, ಈಗ ನಮ್ಮ ಬೀದಿಯಲ್ಲೂ ಸೈಟು ಕೊಂಡವರ ಹಾಗೆ ನೆಲೆ ನಿಂತಿವೆ. ಒಂದು ರಾತ್ರಿಯಲ್ಲಿ ದಂಟಿನ ಸೊಪ್ಪಿನ ಪಾತಿ ಬರೀ ದಂಟಾಗುತ್ತದೆ.

"ಪಾಪ ಅಲ್ವಾ ಅತ್ತೆ?" ಎಂದರೆ, "ನನ್ನ ಮೆಂತ್ಯ ಪಾಪ ಅಲ್ವಾ?" ಎನ್ನುತ್ತಾರೆ. ಮೆಂತ್ಯಕ್ಕೂ ಜೀವವಿದೆ ಎಂದು ಮಕ್ಕಳಿಗೆ ಕಲಿಸುವವಳು ನಾನೇ ತಾನೆ.

ಹೌದು, ನಾನು ಟೀಚರ್. ಜಯನಗರದ ಒಂದು ಶಾಲೆಯಲ್ಲಿ ಆರನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಿವೃತ್ತಿ ಹತ್ತಿರದಲ್ಲಿದೆ. ಜೀವಿಗಳು ಮತ್ತು ನಿರ್ಜೀವಿಗಳು ಎನ್ನುವ ಪಾಠವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಮಾಡಬಲ್ಲೆ. ಜಂಬಕ್ಕೆ ಹೇಳುತ್ತಿಲ್ಲ. ಒಂದೇ ಪಾಠವನ್ನು ಅಷ್ಟು ವರ್ಷ ಮಾಡಿದರೆ ಯಾರಿಗಾದರೂ ಬರುತ್ತದೆ.

ಆದರೆ ಚಿಕ್ಕವಳಾಗಿದ್ದಾಗ ಈ ವ್ಯತ್ಯಾಸ ನನಗೆ ಅಷ್ಟು ಸಲೀಸಾಗಿ ತಲೆಗೆ ಹತ್ತಿರಲಿಲ್ಲ. ಶ್ರೀನಗರದಲ್ಲಿ ನಮ್ಮದು ವಠಾರದ ಮನೆ, ಕೆಂಪು ರೆಡ್‌ಆಕ್ಸೈಡ್ ನೆಲ. ಅಮ್ಮ ದಿನಾ ಒರೆಸಿ ಒರೆಸಿ ಅದು ಕನ್ನಡಿಯಾಗಿತ್ತು. ಓಡಿದರೆ ಜಾರಿ ಬೀಳುವುದು ಖಂಡಿತ. ಬಿದ್ದು ಅತ್ತರೆ ಅಮ್ಮ ನನ್ನನ್ನು ಎತ್ತುವ ಮೊದಲು ನೆಲಕ್ಕೆ ನಾಲ್ಕು ಬಾರಿಸುತ್ತಿದ್ದಳು. "ನಮ್ಮ ಮಗೂನ ಬೀಳಿಸ್ತೀಯಾ? ತಗೋ! ಇನ್ನೂ ತಗೋ!" ನಾನು ಅಳು ನಿಲ್ಲಿಸಿ, ನೆಲಕ್ಕೆ ನೋವಾಯಿತೇ ಎಂದು ಬಗ್ಗಿ ನೋಡುತ್ತಿದ್ದೆ. ಮಂಚದ ಕಾಲು, ಬಾಗಿಲು, ಬಚ್ಚಲ ಹಂಡೆ, ಎಲ್ಲವೂ ನಮ್ಮ ಮನೆಯಲ್ಲಿ ಪೆಟ್ಟು ತಿಂದವೇ. ಅಪ್ಪನ ಸ್ಕೂಟರ್ ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಅಪ್ಪ ಅದನ್ನು ಪಕ್ಕಕ್ಕೆ ವಾಲಿಸಿ, ಸೀಟಿನ ಮೇಲೆ ತಟ್ಟಿ, "ಏಳಪ್ಪಾ, ಲೇಟಾಯ್ತು" ಎನ್ನುತ್ತಿದ್ದರು. ಶಾಲೆಗೆ ನನ್ನನ್ನು ಎಬ್ಬಿಸುತ್ತಿದ್ದದ್ದೂ ಇದೇ ದನಿಯಲ್ಲಿ. ನನಗೂ ಸ್ಕೂಟರಿಗೂ ಇದ್ದ ವ್ಯತ್ಯಾಸವೆಂದರೆ ಅದು ಆಮೇಲೆ ಏಳುತ್ತಿತ್ತು.

ಇನ್ನು ಕನ್ನಡವಂತೂ ಈ ವಿಷಯದಲ್ಲಿ ನನಗೆ ಯಾವ ಸಹಾಯವನ್ನೂ ಮಾಡಲಿಲ್ಲ. ಮಗು ಮಲಗಿದೆ, ನಾಯಿ ಮಲಗಿದೆ, ರಸ್ತೆಗೆ ಅಡ್ಡ ಲಾರಿ ಮಲಗಿದೆ. ಮೂವರಿಗೂ ಒಂದೇ ಕ್ರಿಯಾಪದ. ಬ್ಯಾಟರಿ ಸಾಯುತ್ತದೆ, ಕರೆಂಟು ಬಂದರೆ ಫ್ಯಾನಿಗೆ ಜೀವ ಬರುತ್ತದೆ. ಕೊನೆಗೆ ಮಿಡ್ಲ್ ಸ್ಕೂಲಿನಲ್ಲಿ ಜೀವಿಗಳ ಲಕ್ಷಣಗಳನ್ನು ಬಾಯಿಪಾಠ ಮಾಡಿದ ಮೇಲೆಯೇ ನನ್ನ ಲೋಕ ನೆಟ್ಟಗೆ ಎರಡಾಗಿ ಸೀಳಿದ್ದು: ಚಲಿಸುತ್ತದೆ, ಉಸಿರಾಡುತ್ತದೆ, ತಿನ್ನುತ್ತದೆ, ಬೆಳೆಯುತ್ತದೆ, ಬೇಡದ್ದನ್ನು ಹೊರಹಾಕುತ್ತದೆ, ಮುಟ್ಟಿದರೆ ತಿಳಿಯುತ್ತದೆ, ಮರಿ ಮಾಡುತ್ತದೆ. ಇಷ್ಟಿದ್ದರೆ ಆ ಕಡೆ, ಇಲ್ಲದಿದ್ದರೆ ಈ ಕಡೆ. ಅಂದಿನಿಂದ ನಾನು ನೆಲಕ್ಕೆ ಹೊಡೆದಿಲ್ಲ.

ಪಾಠ ಮಾಡುವಾಗ ನನ್ನ ಪದ್ಧತಿ ಒಂದೇ. ಮೇಜಿನ ಮೇಲೆ ಎರಡು ಸ್ಟೀಲ್ ತಟ್ಟೆ. ಒಂದರಲ್ಲಿ ಜೀವಿಗಳು: ಮೊಳಕೆಯೊಡೆದ ಹೆಸರುಕಾಳು, ತುಳಸಿಯ ಪುಟ್ಟ ಗಿಡ. ಇನ್ನೊಂದರಲ್ಲಿ ನಿರ್ಜೀವಿಗಳು: ಜಲ್ಲಿಕಲ್ಲು, ಪೆನ್ನಿನ ಕ್ಯಾಪು, ಚಾವಿ ಕೊಟ್ಟರೆ ಓಡುವ ಆಟದ ಕಾರು. ಕಾರನ್ನು ಓಡಿಸಿ, "ಚಲಿಸ್ತು, ಹಾಗಾದ್ರೆ ಜೀವಿನಾ?" ಎಂದು ಕೇಳಿ ಮಕ್ಕಳನ್ನು ಗೊಂದಲಕ್ಕೆ ಕೆಡವುವುದು ನನ್ನ ಹಳೆಯ ಸಂತೋಷ.

ಕಳೆದ ವರ್ಷ ಬೇಸಿಗೆಯಲ್ಲಿ ಅತ್ತೆಯ ಒಣಗಿದ ಕುಂಡವೊಂದರಲ್ಲಿ ದೊಡ್ಡ ಬಸವನಹುಳುವಿನ ಚಿಪ್ಪು ಸಿಕ್ಕಿತು. ಕಂದು ಪಟ್ಟೆಯ ಚೆಂದದ ಚಿಪ್ಪು. ಬಾಯಿಗೆ ಸುಣ್ಣದಂಥ ಬಿಳಿ ಪೊರೆ ಮೆತ್ತಿಕೊಂಡಿತ್ತು. ಒಣಗಿದ ಮಣ್ಣಿರಬೇಕು ಎಂದುಕೊಂಡೆ. ಕಾಗದದಲ್ಲಿ ಸುತ್ತಿ ತರಗತಿಯ ಬೀರುವಿನಲ್ಲಿಟ್ಟೆ. ಶಾಲೆ ಶುರುವಾಗಿ ಆ ಪಾಠ ಬಂದಾಗ ಅದನ್ನು ನಿರ್ಜೀವಿಗಳ ತಟ್ಟೆಯಲ್ಲಿ, ಜಲ್ಲಿಕಲ್ಲಿನ ಪಕ್ಕದಲ್ಲಿ ಕೂರಿಸಿದೆ. "ಇದು ಹಿಂದೆ ಜೀವಿಯಾಗಿತ್ತು, ಈಗ ಬರೀ ಮನೆ ಉಳಿದಿದೆ, ಓನರ್ ಇಲ್ಲ" ಎಂದೆ. ಮಕ್ಕಳು ನಕ್ಕರು. ನಾನು ಮುಖ್ಯವಾಗಿ ಓದಿದ್ದು ಸಸ್ಯಶಾಸ್ತ್ರ ಎನ್ನುವುದನ್ನು ಇಲ್ಲಿ ನನ್ನ ಪರವಾಗಿ ನೀವು ದಯವಿಟ್ಟು ಗಮನಿಸಬೇಕು.

ಆ ದಿನ ಹೊರಗೆ ಜಿಟಿಜಿಟಿ ಮಳೆ. ಹೆಸರುಕಾಳು ಒಣಗುತ್ತಿದೆ ಎಂದು ಮಕ್ಕಳು ಅದಕ್ಕೆ ನೀರು ಚಿಮುಕಿಸಿದರು. ಚಿಮುಕಿಸುವ ಕೆಲಸ ಎಲ್ಲರಿಗೂ ಬೇಕಾದ್ದರಿಂದ ಮೇಜು, ತಟ್ಟೆಗಳು, ನನ್ನ ಕನ್ನಡಕ ಎಲ್ಲವೂ ಒದ್ದೆಯಾದವು. ಊಟದ ಬಿಡುವು ಮುಗಿಸಿ ನಾನು ಸ್ಟಾಫ್ ರೂಮಿನಿಂದ ಬರುವಾಗ ನಮ್ಮ ತರಗತಿಯಿಂದ ಕಾರಿಡಾರಿನ ತುದಿಯವರೆಗೂ ಕಿರುಚಾಟ ಕೇಳುತ್ತಿತ್ತು.

"ಮಿಸ್! ಓನರ್ ಬಂದ! ಓನರ್ ಬಂದ!"

ಜಲ್ಲಿಕಲ್ಲಿನ ಪಕ್ಕ ಜಾಗ ಖಾಲಿ. ಬಿಳಿ ಪೊರೆ ಒಡೆದು ಚೂರಾಗಿ ತಟ್ಟೆಯಲ್ಲಿ ಬಿದ್ದಿದೆ. ಬಸವನಹುಳು ಎರಡು ಕೊಂಬು ಚಾಚಿಕೊಂಡು, ಯಾರ ಅವಸರವೂ ತನಗೆ ಸಂಬಂಧವಿಲ್ಲ ಎನ್ನುವಂತೆ, ನನ್ನ ಡಸ್ಟರನ್ನು ಹತ್ತುತ್ತಿದೆ. ಹಿಂದೆ ಬೆಳ್ಳಿಗೆರೆಯಂಥ ಜಾಡು.

ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಅದರ ಲೋಳೆಯಿಂದ ಕಾಯಿಲೆ ಬರಬಹುದು ಎಂದು ಮೊದಲು ಎಲ್ಲರನ್ನೂ ದೂರ ನಿಲ್ಲಿಸಿದೆ. ಆಮೇಲೆ ನಿಂತು ನೋಡಿದೆ. ಬೇಸಿಗೆಯುದ್ದಕ್ಕೂ ಬೀರುವಿನಲ್ಲಿ, ಅನ್ನವಿಲ್ಲ, ನೀರಿಲ್ಲ, ಬೆಳಕಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಕೂತಿತ್ತು.

"ಮಿಸ್, ಬೆಳಿಗ್ಗೆ ಅವನು ನಿರ್ಜೀವಿ ಆಗಿದ್ನಾ?" ಎಂದು ಮುಂದಿನ ಬೆಂಚಿನ ತೇಜಸ್ ಕೇಳಿದ.

"ಇಲ್ಲ. ಬೆಳಿಗ್ಗೆಯೂ ಜೀವಿಯೇ. ನಾನು ತಪ್ಪು ತಟ್ಟೆಯಲ್ಲಿ ಇಟ್ಟಿದ್ದೆ."

"ಆದ್ರೆ ಅವ್ನು ಏನೂ ಮಾಡ್ತಾನೇ ಇರ್ಲಿಲ್ವಲ್ಲ ಮಿಸ್. ಮೂವ್ ಆಗ್ಲಿಲ್ಲ, ತಿನ್ಲಿಲ್ಲ."

"ನಮಗೆ ಕಾಣೋ ಹಾಗೆ ಮಾಡ್ತಿರಲಿಲ್ಲ ಅಷ್ಟೇ. ಒಳಗೆ ಹೃದಯ ಮೆಲ್ಲಗೆ ಬಡಿತಾ ಇತ್ತು. ಸಮಯ ಬಂದಾಗ ಮಾಡಬಲ್ಲ ಶಕ್ತಿ ಒಳಗೆ ಇದ್ರೆ ಅದು ಜೀವಿ. ಪರೀಕ್ಷೆ ಹಾಲ್‌ನಲ್ಲಿ ನೀನು ಕೂತಿರಲ್ವಾ, ಏನೂ ಬರೀದೆ? ಹಾಗಂತ ನೀನು ನಿರ್ಜೀವಿನಾ?"

ತರಗತಿ ಗೊಳ್ಳೆಂದಿತು. ಸಂಭಾಳಿಸಿದೆ ಎಂದುಕೊಂಡೆ. ಆದರೆ ಮಾರನೆಯ ದಿನ ನೋಡಿದರೆ ಜಲ್ಲಿಕಲ್ಲು ನೀರಿನ ಬಟ್ಟಲಲ್ಲಿ ಕೂತಿದೆ, ಪೆನ್ನಿನ ಕ್ಯಾಪಿಗೂ ಸ್ನಾನವಾಗಿದೆ.

"ಯಾರೋ ಇದು?"

"ಏಳುತ್ತೇನೋ ಅಂತ ಮಿಸ್."

"ಕಲ್ಲು ಏಳಲ್ಲ."

"ಬಸವನೂ ಏಳಲ್ಲ ಅಂದಿದ್ರಿ."

ಕಲ್ಲು ಒಂದು ವಾರ ನೀರಿನಲ್ಲೇ ಇತ್ತು. ವಿಜ್ಞಾನ ಎಂದರೆ ಇದೇ ಎಂದು ನನಗೆ ಖಾತ್ರಿಯಿದ್ದುದರಿಂದ ತೆಗೆಸಲು ಹೋಗಲಿಲ್ಲ.

ಬಸವ ಎಂದು ಹೆಸರಿಟ್ಟದ್ದು ಅವರೇ. ಹೆಸರಿಟ್ಟ ಮೇಲೆ ವಿಷಯ ಕಷ್ಟಕ್ಕಿಟ್ಟುಕೊಳ್ಳುತ್ತದೆ. ಅವನು ಎದ್ದ ದಿನವೇ ನಮ್ಮ ಹೆಡ್ ಮಿಸ್ ಗಲಾಟೆ ಕೇಳಿ ಬಂದವರು ಬಾಗಿಲಲ್ಲೇ ನಿಂತು, "ಮಂಗಳಾ ಮಿಸ್, ನಮ್ಮ ಕಿಚನ್ ಗಾರ್ಡನ್ ಪಾಲಕ್ ಹಾಳು ಮಾಡಿದ್ದು ಇವೇ ಅಲ್ವಾ? ಉಪ್ಪು ಹಾಕ್ಸಿಬಿಡಿ" ಎಂದು ಹೋದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಇದು ಪೀಡೆಯೇ, ತೋಟ ಹೊಲಗಳನ್ನು ನುಂಗುತ್ತದೆ, ಕಂಡಲ್ಲಿ ನಾಶಮಾಡಿ ಎನ್ನುವುದೇ ತಿಳಿದವರ ಸಲಹೆ. ಹೊರಗೆ ಬಿಡುವ ಹಾಗಂತೂ ಇಲ್ಲ.

ನಾನು ತಿರುಗಿ ನೋಡಿದೆ. ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. ಕಿಟಕಿಯ ಪಕ್ಕದ ಶಿವಲೀಲಾ ಎದ್ದು ನಿಂತಳು. ಆ ವರ್ಷವೇ ವಿಜಯಪುರದ ಕಡೆಯಿಂದ ಬಂದು ಸೇರಿದ ಹುಡುಗಿ. ಅವರ ಮನೆಯವರು ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದರು. ಮಾತು ಕಡಿಮೆ, ಆಡಿದರೆ ನೇರ.

"ಟೀಚರ್, ಈಗ ಜೀವ ಐತಿ ಅಂದ್ರಿ. ಈಗಽ ಉಪ್ಪು ಹಾಕ್ತೀರೇನ್ರಿ?"

"ಹಾಕಲ್ಲ," ಎಂದೆ. "ನಾನು ಮನೆಗೆ ತಗೊಂಡು ಹೋಗ್ತೀನಿ."

ಇಂಥ ಸಮಯದಲ್ಲಿ ನನ್ನ ದನಿ ಬಹಳ ದೃಢವಾಗಿರುತ್ತದೆ. ಮುಂದೇನು ಎನ್ನುವುದು ಗೊತ್ತಿಲ್ಲದಿದ್ದಾಗ ಇನ್ನೂ ದೃಢವಾಗಿರುತ್ತದೆ.

ಪ್ಲಾಸ್ಟಿಕ್ ಕವರನ್ನು ಕೈಗೆ ಗ್ಲೌಸಿನ ಹಾಗೆ ಸುತ್ತಿಕೊಂಡು ಬಸವನನ್ನು ನನ್ನ ಟಿಫಿನ್ ಡಬ್ಬಕ್ಕೆ ಹಾಕಿದೆ. ಆ ಡಬ್ಬ ಅಂದಿನಿಂದ ಅವನಿಗೇ ಬಿಟ್ಟದ್ದಾಯಿತು. ಮೆಟ್ರೋ ಸ್ಟೇಷನ್ನಿನಲ್ಲಿ ಬ್ಯಾಗು ತಪಾಸಣೆ ಮಾಡುವ ಹುಡುಗಿ ಪರದೆ ನೋಡಿ, "ಡಬ್ಬದಲ್ಲಿ ಏನು ಮೇಡಂ?" ಎಂದಳು. "ಬಸವನಹುಳು" ಎಂದೆ. ಅವಳು ಬಾಯಿತುಂಬಾ ನಕ್ಕು, "ಸಖತ್ ಮೇಡಂ ನೀವು" ಎಂದು ಕಳಿಸಿದಳು. ಸತ್ಯ ಹೇಳಿದರೆ ಎಷ್ಟು ಸಲೀಸಾಗಿ ಪಾರಾಗಬಹುದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮನೆಯಲ್ಲಿ ಅತ್ತೆ ಡಬ್ಬದೊಳಗೆ ಇಣುಕಿ, ಒಂದು ಹೆಜ್ಜೆ ಹಿಂದೆ ಸರಿದರು.

"ನಿನಗೇನಾದ್ರೂ ಬುದ್ಧಿ ಇದ್ಯೇನೇ? ಇದನ್ನ ಓಡ್ಸೋಕೆ ನಾನು ಸೊಂಟ ಮುರ್ಕೋತಿದೀನಿ, ನೀನು ಮೆಟ್ರೋದಲ್ಲಿ ಕೂರಿಸ್ಕೊಂಡು ಕರ್ಕೊಂಡು ಬರ್ತೀಯಾ?"

"ನಮ್ಮ ಕುಂಡದ್ದೇ ಅತ್ತೆ ಇದು. ಬೇಸಿಗೆಯಲ್ಲಿ ಸತ್ತಿದೆ ಅಂತ ಸ್ಕೂಲಿಗೆ ತಗೊಂಡು ಹೋಗಿದ್ದೆ. ಇವತ್ತು ಎದ್ದುಬಿಡ್ತು."

"ಅಷ್ಟು ದಿವ್ಸ ಏನು ತಿಂತು?"

"ಏನೂ ಇಲ್ಲ."

"ನೀರು?"

"ಅದೂ ಇಲ್ಲ."

ಅತ್ತೆ ಮತ್ತೆ ಇಣುಕಿದರು. ಜೀವಮಾನವಿಡೀ ಏಕಾದಶಿ ಮಾಡಿದವರು. ಉಪವಾಸ ಮಾಡಿದವರನ್ನು ಕಂಡರೆ ಅವರಿಗೆ ಒಂದು ಗೌರವ. ಒಳಗೆ ಹೋಗಿ, ಸೌತೆಕಾಯಿ ಸಿಪ್ಪೆ ತಂದು ಡಬ್ಬಕ್ಕೆ ಉದುರಿಸಿದರು.

ತಾರಸಿಯಲ್ಲಿ ಒಂದು ಹಳೆಯ ಬಕೆಟ್ಟಿಗೆ ಮಣ್ಣು ತುಂಬಿ, ಮೇಲೆ ಸೊಳ್ಳೆಪರದೆಯ ಜಾಲರಿ ಬಿಗಿದು ಬಸವನಿಗೆ ಮನೆ ಮಾಡಿದೆವು. ಆಮೇಲೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಅತ್ತೆ ಸಂಜೆ ಕುರ್ಚಿ ಹಾಕಿಕೊಂಡು ಬಕೆಟ್ಟಿನ ಪಕ್ಕ ಕೂರತೊಡಗಿದರು. "ಇಲ್ಲಿ ಬಾರೇ, ಕಿವಿ ಕೊಟ್ಟು ಕೇಳು, ಅಗಿಯೋ ಸದ್ದು ಕೇಳ್ಸುತ್ತೆ" ಎಂದು ಕರೆಯುತ್ತಿದ್ದರು. ನಿಜ, ಕೇಳಿಸುತ್ತಿತ್ತು, ಕಾಗದವನ್ನು ಉಗುರಿನಿಂದ ಕೆರೆದಂತೆ. ಅತ್ತ ಉಪ್ಪಿನ ಡಬ್ಬಕ್ಕೂ ಬಿಡುವಿರಲಿಲ್ಲ. ಬೆಳಿಗ್ಗೆ ಕುಂಡದ ಸಂದಿಯ ಹುಳುಗಳಿಗೆ ಉಪ್ಪು, ಸಂಜೆ ಬಕೆಟ್ಟಿನ ಹುಳುವಿಗೆ ಸೌತೆಕಾಯಿ. ಇದು ಯಾವ ನ್ಯಾಯ ಎಂದರೆ, "ಇದು ನಮ್ದು ಕಣೇ, ಅವು ಬೀದೀವು" ಎಂದರು.

ತರಗತಿಯಲ್ಲಿ ಹಾಜರಿ ಕರೆಯುವ ಮೊದಲು ಬಸವನ ಕ್ಷೇಮಸಮಾಚಾರ ಹೇಳುವುದು ನನಗೆ ಕಡ್ಡಾಯವಾಯಿತು. ಏನು ತಿಂದ, ಎಷ್ಟು ದೂರ ಹತ್ತಿದ, ಅಜ್ಜಿ ಬೈದರಾ.

ಒಂದು ಭಾನುವಾರ ಬೆಳಿಗ್ಗೆ ತಾರಸಿಯಿಂದ ಅತ್ತೆಯ ದನಿ ಬಂತು. "ಮಂಗಳಾ, ಇಲ್ಲಿ ಸಬ್ಬಕ್ಕಿ ಯಾರು ಚೆಲ್ಲಿದ್ದು?"

ಹೋಗಿ ನೋಡಿದೆ. ಬಕೆಟ್ಟಿನ ಮೂಲೆಯಲ್ಲಿ ಮಣ್ಣು ಬಗೆದು ಹಳ್ಳ ಮಾಡಿದ ಹಾಗಿತ್ತು. ಅದರ ತುಂಬಾ ನೆನೆಸಿಟ್ಟ ಸಬ್ಬಕ್ಕಿಯಂತೆ ದುಂಡಗೆ, ಕೆನೆ ಬಣ್ಣಕ್ಕೆ ಹೊಳೆಯುವ ಕಾಳುಗಳು, ರಾಶಿ.

"ಸಬ್ಬಕ್ಕಿ ಅಲ್ಲ ಅತ್ತೆ. ಮೊಟ್ಟೆ."

"ಅಯ್ಯೋ, ಇದು ಗಂಡಲ್ವಾ? ಬಸವ ಅಂತೀರಲ್ಲೇ?"

"ಈ ಜಾತಿಯಲ್ಲಿ ಗಂಡು ಹೆಣ್ಣು ಎರಡೂ ಒಂದರಲ್ಲೇ. ಬೇಸಿಗೆಗೆ ಮುಂಚೆ ಜೊತೆ ಸೇರಿದ್ರೂ ಸಾಕು, ಆಮೇಲೆ ಒಂದೇ ಇದ್ದರೂ ಇಡುತ್ತೆ."

ಅತ್ತೆ ಕುರ್ಚಿಯ ಮೇಲೆ ಕೂತರು. ನಾನು ನಿಂತೇ ಇದ್ದೆ. ಇಷ್ಟೂ ಮರಿಯಾದರೆ ಜಾಲರಿಯ ಕಣ್ಣಿನಲ್ಲಿ ನುಸುಳುವಷ್ಟು ಚಿಕ್ಕವು. ನಮ್ಮ ತಾರಸಿ, ಪಕ್ಕದ ಮನೆಯ ತೋಟ, ಬೀದಿಯ ಕೊನೆಯ ಪಾರ್ಕು, ಅಲ್ಲಿಂದ ಇಡೀ ಬಡಾವಣೆ. ಇದನ್ನು ತಿಳಿದೂ ಬಿಟ್ಟರೆ ಅದು ಕರುಣೆಯಲ್ಲ, ಬೇರೆಯವರ ತೋಟದ ಲೆಕ್ಕದಲ್ಲಿ ಮಾಡಿದ ದಾನ. ನಾನು ಹಾಗೆಂದು ಹೇಳಿದೆ.

ಅತ್ತೆ ಬಗ್ಗಿ ಬಕೆಟ್ಟಿನೊಳಗೆ ನೋಡಿದರು. ಆಮೇಲೆ, "ನನ್ನ ಕೈಲಿ ಆಗಲ್ಲ" ಎಂದರು. "ದೊಡ್ಡವಕ್ಕಾದ್ರೆ ಸಿಟ್ಟು ಬರುತ್ತೆ, ಹಾಕ್ಬಿಡ್ತೀನಿ. ಇವು ನನ್ಗೇನು ಮಾಡಿವೆ? ಇನ್ನೂ ಕಣ್ಣೇ ಬಿಟ್ಟಿಲ್ಲ." ಆಸೆಯಿಂದ ಕೇಳಿದರು: "ಇದ್ರಲ್ಲಿ ಇನ್ನೂ ಜೀವ ಬಂದಿರಲ್ಲ, ಅಲ್ವೇನೇ? ನೀನು ಓದಿದೋಳು, ಹೇಳು."

ಬಂದಿಲ್ಲ ಎಂದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು. ಆದರೆ ಒಮ್ಮೆ ತಪ್ಪು ತಟ್ಟೆಯಲ್ಲಿ ಇಟ್ಟವಳು ನಾನು. ಇನ್ನೊಮ್ಮೆ, ಅದೂ ಬೇಕೆಂದೇ, ಇಡಲಾರೆ.

"ಇದೆ ಅತ್ತೆ," ಎಂದೆ. "ಇದ್ದೂ ಮಾಡ್ಬೇಕು. ನಾನು ಮಾಡ್ತೀನಿ."

ಕೆಳಗೆ ಹೋಗಿ ನೀರು ಕುದಿಯಲಿಟ್ಟೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ಲಿನಲ್ಲಿ ಕಪ್ಪೆ ಕೊಯ್ಯುವಾಗ ನಾನು ಅಳುಕಿದವಳಲ್ಲ. ಪಾಲಕರ ಸಭೆಯಲ್ಲೂ ಅಳುಕುವುದಿಲ್ಲ. ಅವತ್ತು ಪಾತ್ರೆಯ ತಳದಲ್ಲಿ ಗುಳ್ಳೆ ಏಳುವುದನ್ನು ನೋಡುತ್ತಾ ನಿಂತವಳಿಗೆ ಸ್ಟವ್ ಆರಿಸಿ ಕಾಫಿ ಮಾಡಿಕೊಂಡು ಕೂತುಬಿಡೋಣ ಎನಿಸಿತು. ಬಸವನನ್ನು ಬೇರೆ ಡಬ್ಬಕ್ಕೆ ಎತ್ತಿಟ್ಟು, ಮೊಟ್ಟೆಗಳ ಮೇಲೆ ನೀರು ಸುರಿದೆ. ಸದ್ದೇನೂ ಆಗಲಿಲ್ಲ. ಹೊಳೆಯುತ್ತಿದ್ದವು ಸುಣ್ಣದ ಹಾಗೆ ಮಂಕಾದವು, ಅಷ್ಟೇ. ಅವನ್ನು ಮಣ್ಣಿನ ಸಮೇತ ತೆಗೆದು ನಂದಿಬಟ್ಟಲ ಗಿಡದ ಬುಡದಲ್ಲಿ ಆಳಕ್ಕೆ ಹೂತೆ.

ಇಳಿದು ಬಂದಾಗ ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಗೆದ ಟವೆಲ್ಲು.

"ಗೀಸರ್ ಹಾಕಿದೀನಿ. ತಲೆಗೆ ನೀರು ಹಾಕ್ಕೊಂಡು ಬಾ. ನಿಂದಾದ್ಮೇಲೆ ನಾನು."

ಮನೆಯಲ್ಲಿ ಫ್ರಿಜ್ ಕೆಟ್ಟಿದೆ, ಮಿಕ್ಸಿ ಸುಟ್ಟಿದೆ, ಟಿವಿ ಹೋಗಿದೆ. ಯಾವುದಕ್ಕೂ ನಾವು ತಲೆಗೆ ನೀರು ಹಾಕಿಕೊಂಡದ್ದಿಲ್ಲ. ವಿಜ್ಞಾನದ ಟೀಚರ್ ಆದ ನಾನು ಯಾಕೆ ಎಂದು ಕೇಳಬಹುದಿತ್ತು. ಕೇಳದೆ ಟವೆಲ್ಲು ತೆಗೆದುಕೊಂಡೆ.

ಮಾರನೆಯ ದಿನ ತರಗತಿಯಲ್ಲಿ ಎಂದಿನಂತೆ ಕೂಗು ಎದ್ದಿತು. "ಮಿಸ್, ಬಸವ ಏನ್ ಮಾಡ್ದ?" ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಬಸವ ಚೆನ್ನಾಗಿದ್ದಾನೆ, ಮೊಟ್ಟೆ ಇಟ್ಟಿದ್ದ, ಆ ಮೊಟ್ಟೆಗಳನ್ನು ನಾನು ಬಿಸಿನೀರು ಹಾಕಿ ಸಾಯಿಸಿದೆ, ಯಾಕೆಂದರೆ ಹೀಗೆ. ಅವನು ಮತ್ತೆ ಇಡಬಹುದು, ಆಗಲೂ ಹೀಗೇ ಮಾಡಬೇಕಾಗುತ್ತದೆ. ಯಾರೋ ಹಿಂದಿನಿಂದ, "ಎಲ್ಲಾನೂ ಮಿಸ್?" ಎಂದರು. "ಎಲ್ಲಾನೂ" ಎಂದೆ. ತೇಜಸ್ ಮುಖ ಬಾಡಿಸಿಕೊಂಡು ಬೆಂಚು ಕೆರೆಯುತ್ತಿದ್ದ. ಸರಿ ಮಾಡಿದಿರಿ ಎಂದೋ ತಪ್ಪು ಮಾಡಿದಿರಿ ಎಂದೋ ಅವರಲ್ಲಿ ಒಬ್ಬರಾದರೂ ಹೇಳಲಿ ಎಂದು ಕಾದೆ.

ಕಿಟಕಿಯ ಪಕ್ಕದಿಂದ ಶಿವಲೀಲಾ ಎದ್ದಳು.

"ಆಮ್ಯಾಲ ಜಳಕ ಮಾಡಿದ್ರೇನ್ರಿ ಟೀಚರ್?"

"ಜಳಕ ಅಂದ್ರೇನು?" ಎಂದು ತೇಜಸ್ ಪಕ್ಕದವನನ್ನು ಪಿಸುಮಾತಿನಲ್ಲಿ ಕೇಳಿದ. "ಸ್ನಾನ ಕಣೋ" ಎಂದ ಅವನು.

"ಮಾಡಿದೆ," ಎಂದೆ ನಾನು. "ತಲೆಗೂ ಹಾಕ್ಕೊಂಡೆ. ಅಜ್ಜಿನೂ ಮಾಡಿದ್ರು."

ಶಿವಲೀಲಾ ನನ್ನನ್ನು ನೋಡಿದಳು. ಸರಿ ಎನ್ನುವಂತೆ ತಲೆಯಾಡಿಸಿ ಕೂತಳು. ಅವಳು ಕೂತ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಪುಸ್ತಕ ತೆರೆದರು.